ಈಜು ಬಾರದ ಆಮೆ

ಈ ಹಾಳೆಗಳು ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಅವುಗಳ ಮೇಲೆ ಒಂದು ಹಿತ್ತಾಳೆಯ ಆಮೆ ಕೂತಿದೆ. ಅಂಗೈಯಷ್ಟು ಅಗಲ. ಬೆನ್ನ ಮೇಲೆ ಎಂಥದೋ ಯಂತ್ರದ ಗೆರೆಗಳು, ಅಂಕಿಗಳು. ಬಾಲದ ಹತ್ತಿರ ಎರಕ ಸರಿಯಾಗಿ ಕೂರದೆ ಒಂದು ಚೂಪು ಉಳಿದುಬಿಟ್ಟಿದೆ. ಒಂಬತ್ತನೇ ತರಗತಿಯ ವಿಜ್ಞಾನದ ಉತ್ತರಪತ್ರಿಕೆ ತಿದ್ದುವಾಗ ಅದು ಎರಡು ಸಲ ನನ್ನ ಕೈ ಗೀರಿದೆ. ಗೀರಲಿ. ನನಗೆ ಆಗಬೇಕಾದ್ದೇ. ಯಾಕೆಂದು ಹೇಳುತ್ತೇನೆ, ಆದರೆ ನೇರವಾಗಿ ಹೇಳಲು ನನಗೆ ಬರುವುದಿಲ್ಲ. ಇಪ್ಪತ್ತೇಳು ವರ್ಷ ಪಾಠ ಮಾಡಿದವಳು ನಾನು, ನಲವತ್ತು ನಿಮಿಷಕ್ಕಿಂತ ಕಡಿಮೆಯಲ್ಲಿ ಏನನ್ನೂ ಮುಗಿಸಿ ಗೊತ್ತಿಲ್ಲ.

ಆಮೆ ನಾನು ಕೊಂಡದ್ದಲ್ಲ. ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟದ್ದು. ನಿಮ್ಮ ಮನೆಯಲ್ಲೂ ಇಂಥ ಸಾಮಾನಿಗೆಂದೇ ಒಂದು ಕಪಾಟು ಇದ್ದೇ ಇರುತ್ತದೆ. ಮುಚ್ಚಳ ಕೂರದ ಸ್ಟೀಲ್ ಡಬ್ಬಿ, ಹೂವಿನ ಚಿತ್ರದ ಪ್ಲಾಸ್ಟಿಕ್ ಟ್ರೇ, ಯಾರಿಗೂ ರವಿಕೆಯಾಗದೆ ಮನೆಯಿಂದ ಮನೆಗೆ ತಿರುಗುವ ಬ್ಲೌಸ್ ಪೀಸು. ನಾನು ಕೊಟ್ಟ ಒಂದು ಗಿಣಿಹಸಿರು ಪೀಸು ನಾಲ್ಕು ವರ್ಷದ ಮೇಲೆ ಮಡಿಕೆ ಬಿಚ್ಚದೆ ನನ್ನ ಮಡಿಲಿಗೇ ವಾಪಸು ಬಂದಿತ್ತು. ಅದಕ್ಕೆಲ್ಲ ನನಗೆ ಸಿಟ್ಟಿಲ್ಲ. ನಗು ಬರುತ್ತದೆ. ಈ ಹಿತ್ತಾಳೆ ಆಮೆಯನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕೊಟ್ಟವನು ಬಸವರಾಜ, ನನ್ನ ಚಿಕ್ಕಪ್ಪನ ಮಗ. ಎರಡು ಲಾರಿ ಇಟ್ಟುಕೊಂಡು ಯಶವಂತನಗರದ ಗಣಿಗಳಿಗೆ ಓಡಿಸುತ್ತಾನೆ. ಹೊಸಪೇಟೆಯಲ್ಲಿ ಮನೆ ಕಟ್ಟಿಸಿದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನನ್ನು ಬೈಯುವುದಿದೆ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹದಿನಾರು ದಿನ ಊಟದ ಬುತ್ತಿ ತಂದವನು ಅವನೇ. ಮನೆಯ ನೆಲಕ್ಕೆ ಮಾತ್ರ ಎಂಥ ನುಣುಪಿನ ಟೈಲ್ಸ್ ಹಾಕಿಸಿದ್ದಾನೆಂದರೆ, ಪೂಜೆಗೆ ಬಂದ ಸ್ವಾಮಿಗಳು ಹೊಸ್ತಿಲಿನಿಂದ ದೇವರ ಜಗುಲಿಯವರೆಗೆ ಗೋಡೆ ಹಿಡಿದುಕೊಂಡೇ ಹೋದರು.

ಹೋಳಿಗೆ ಊಟ ಮುಗಿಸಿ ಕೈ ತೊಳೆಯಲು ಎದ್ದೆ. ನಡುಮನೆಯ ಈಶಾನ್ಯ ಮೂಲೆಯಲ್ಲಿ ದೊಡ್ಡ ಗಾಜಿನ ಬೋಗುಣಿ. ಅದರ ತುಂಬ ನೀರು, ಮೇಲೆ ಗುಲಾಬಿ ದಳ, ತಳದಲ್ಲಿ ಬಣ್ಣದ ಗೋಲಿಗಳು. ಗೋಲಿಗಳ ಮೇಲೆ ಕಾಲು ಜಾರುತ್ತ, ಕುತ್ತಿಗೆಯನ್ನು ಆದಷ್ಟು ಮೇಲಕ್ಕೆ ಚಾಚಿ, ಮೂಗಿನ ತುದಿಯನ್ನಷ್ಟೇ ನೀರಿನಿಂದ ಹೊರಗಿಟ್ಟುಕೊಂಡು ಒಂದು ಆಮೆ ನಿಂತಿತ್ತು. ಹಿತ್ತಾಳೆಯದಲ್ಲ, ಜೀವದ್ದು. ಕರಿ ಬೆನ್ನು, ಬೆನ್ನಿನ ಒಂದೊಂದು ಗುಬುಟಿನಿಂದಲೂ ಸುತ್ತ ಬಿಚ್ಚಿಕೊಂಡ ಹಳದಿ ಗೆರೆ. ಪುಸ್ತಕದಲ್ಲಿ ಇದಕ್ಕೆ ನಕ್ಷತ್ರ ಆಮೆ ಎಂದು ಹೆಸರು. ನಮ್ಮ ಕಡೆ ಹೊಲದಾಮಿ ಅನ್ನುತ್ತೇವೆ. ಅದರ ಮೂಗಿನಿಂದ ಸಣ್ಣ ಗುಳ್ಳೆಗಳು ಬರುತ್ತಿದ್ದವು.

"ಲೇ ಬಸ್ಯಾ, ಇದೇನಲೇ?" ಎಂದೆ.

"ಆಮಿ ಅಕ್ಕ, ಲಕ್ಷ್ಮಿ. ವಾಸ್ತುದವರು ಹೇಳಿದ್ರು, ಈಶಾನ್ಯಕ್ಕ ನೀರು, ನೀರಾಗ ಆಮಿ ಅಂತ. ಹಿತ್ತಾಳಿದು ಬಂದ ಮಂದಿಗೆ, ಜೀವ ಇರೋದು ಮನೀಗೆ."

"ಎಲ್ಲಿಂದ ತಂದಿ?"

"ನಮ್ಮ ಡ್ರೈವರ್ ತಂದುಕೊಟ್ಟ. ಚೋರನೂರ ಕಡೆ ರೋಡಿನ ದಂಡ್ಯಾಗ ಸಿಕ್ಕಿತಂತ. ನಮ್ಮೂರ್ದ ಅಕ್ಕ, ಹೊರಗಿಂದಲ್ಲ."

ನನಗೆ ಸಮಾಧಾನವಾಗಲಿ ಎಂದೇ ಅವನು ಆ ಕೊನೆಯ ಮಾತು ಹೇಳಿದ್ದು. ಚೋರನೂರು ನಮ್ಮಿಬ್ಬರ ಊರು. ಅಲ್ಲಿಯ ಮಣ್ಣಿನಲ್ಲಿ ನಾವಿಬ್ಬರೂ ಹೊರಳಾಡಿ ಬೆಳೆದದ್ದು. ಸ್ವಂತ ಊರಿನದನ್ನು ತಂದು ಗಾಜಿನಲ್ಲಿ ಮುಳುಗಿಸಿದರೆ ತಪ್ಪಿಲ್ಲ ಅನ್ನುವ ಹಾಗೆ ಮಾತಾಡಿದ.

ಚೋರನೂರಿನಲ್ಲಿ ನಮ್ಮ ಹೊಲದ ಸುತ್ತ ಪಾಪಸುಕಳ್ಳಿಯ ಬೇಲಿ ಇತ್ತು. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ವಾಸನೆ ಬಿಟ್ಟಿತೆಂದರೆ ಅಲ್ಲಿಯವರೆಗೆ ಎಲ್ಲಿ ಅಡಗಿದ್ದವೋ, ಹೊಲದಾಮೆಗಳು ಬೇಲಿಯ ಬುಡದಿಂದ ಒಂದೊಂದಾಗಿ ಹೊರಬರುತ್ತಿದ್ದವು. ಉದುರಿದ ಕಳ್ಳಿಹಣ್ಣು ತಿಂದು ಅವುಗಳ ಬಾಯಿ ಕೆಂಪಾಗುತ್ತಿತ್ತು, ಎಲೆಯಡಿಕೆ ಹಾಕಿದ ನಮ್ಮ ಅಜ್ಜಿಯ ಬಾಯಿಯಂತೆ. ಗಂಡು ಆಮೆಗಳು ಒಂದಕ್ಕೊಂದು ಬೆನ್ನು ಗುದ್ದಿಕೊಂಡರೆ ಟಕ್ ಟಕ್ ಎಂದು ಕಲ್ಲು ಒಡೆಯುವ ಸದ್ದು. ಶೇಂಗಾ ಬಿತ್ತುವವರು ಆ ಸದ್ದು ಕೇಳಿ ನಗುತ್ತಿದ್ದರು. ಬಸ್ಯಾನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದನ್ನು ತೋರಿಸಲು ಹೋಗುತ್ತಿದ್ದವಳು ನಾನೇ. ಅವನು ಅಂದಿನಿಂದಲೂ ಭಾರ.

ಒಂದು ಸಲ ಒಂದು ಆಮೆ ದಾರಿತಪ್ಪಿ ನಮ್ಮ ಅಂಗಳಕ್ಕೆ ಬಂತು. ಅಜ್ಜಿ ನೋಡಿದ್ದೇ ತಡ, ಎದೆ ಬಡಿದುಕೊಂಡಳು. "ಆಮಿ ಹೊಕ್ಕ ಮನಿ, ಅಮೀನ ಹೊಕ್ಕ ಮನಿ ಉದ್ಧಾರಾಗಂಗಿಲ್ಲ" ಎನ್ನುವುದು ಅವಳ ಮಾತು. ಅಮೀನ ಎಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ಬೈದಳು ನಿಜ, ಆದರೆ ಆಮೆಯನ್ನು ಕೋಲಿನಿಂದ ತಳ್ಳಲಿಲ್ಲ. ಮೊರದಲ್ಲಿ ಮೆತ್ತಗೆ ಎತ್ತಿಟ್ಟುಕೊಂಡು ಬಿಸಿಲಲ್ಲಿ ಹೊಲದವರೆಗೆ ನಡೆದಳು. ಅದರ ಮುಖ ಬೇಲಿಯ ಕಡೆ ಬರುವಂತೆ ಇಳಿಸಿ, "ನಿನ್ನ ಮನಿಗೆ ನೀ ಹೋಗವ್ವ, ನಮ್ಮನಿಗೆ ಬರಬ್ಯಾಡ" ಎಂದು ಕೈ ಮುಗಿದಳು. ನಾನಾಗ ಹೈಸ್ಕೂಲು. ಇದೆಲ್ಲ ಮೂಢನಂಬಿಕೆ ಅಜ್ಜಿ, ಎಂದು ಅವಳಿಗೆ ಬುದ್ಧಿ ಹೇಳಿದ್ದೆ.

ಈಗ ಯೋಚಿಸಿದರೆ ಆ ಒಂದು ಹೆದರಿಕೆ ಚೋರನೂರಿನ ಆಮೆಗಳನ್ನು ಎಷ್ಟು ತಲೆಮಾರು ಕಾಯಿತೋ. ಯಾರೂ ಮನೆಗೆ ತರುತ್ತಿರಲಿಲ್ಲ, ಯಾರೂ ಮಾರುತ್ತಿರಲಿಲ್ಲ. ಅಜ್ಜಿಗೆ ಕಾಯ್ದೆ ಗೊತ್ತಿರಲಿಲ್ಲ, ಮೊರ ಗೊತ್ತಿತ್ತು. ಆಮೇಲೆ ನನ್ನಂಥವರು ಊರೂರಿನಲ್ಲಿ ಮೇಷ್ಟರಾಗಿ ಕೂತು ಅಜ್ಜಿಯರ ಮೂಢನಂಬಿಕೆ ಕಿತ್ತುಹಾಕಿದೆವು. ಖಾಲಿ ಜಾಗ ಖಾಲಿ ಉಳಿಯುತ್ತದೆಯೇ? ಮೊಬೈಲಿನೊಳಗಿಂದ ಹೊಸದೊಂದು ಬಂದು ಕೂತಿತು. ಆಮೆ ಮನೆಯಲ್ಲಿದ್ದರೆ ದುಡ್ಡು, ಅಂಗಡಿಯಲ್ಲಿದ್ದರೆ ವ್ಯಾಪಾರ. ಮೊದಲಿನದು ಆಮೆಯನ್ನು ಹೊರಗೆ ಕಳಿಸುತ್ತಿತ್ತು, ಇದು ಒಳಗೆ ಎಳೆದು ತಂದು ಕೊಲ್ಲುತ್ತದೆ.

ಆಮೆ ಒಂದೇ ಆದರೆ ಹೋಗಲಿ ಎನ್ನಬಹುದಿತ್ತು. ಗೂಬೆ ಕೂಗಿದರೆ ಅಪಶಕುನ ಎಂದು ಕಲ್ಲು ಹೊಡೆಯುತ್ತಾರೆ, ನಿಧಿ ತೋರಿಸುತ್ತದೆ ಎಂದರೆ ಅದೇ ಗೂಬೆಯನ್ನು ಹಿಡಿದು ತಂದು ಪೂಜೆಗಿಡುತ್ತಾರೆ. ಕಂಪ್ಲಿಯ ಹೊಳೆಯಲ್ಲಿ ನೀರುನಾಯಿ ನಾಲ್ಕು ಮೀನು ತಿಂದರೆ ಮಂದಿಗೆ ಎಲ್ಲಿಲ್ಲದ ಸಿಟ್ಟು, ಮೀನಿಗೆಂದು ಮದ್ದಿನ ತೋಟೆ ಸಿಡಿಸಿ ಹೊಳೆಯನ್ನೇ ಸಾಯಿಸುವವನ ಮೇಲೆ ಯಾರಿಗೂ ಸಿಟ್ಟಿಲ್ಲ. ಕರಡಿ ಊರೊಳಗೆ ಬಂತು ಎಂದು ವಿಡಿಯೋ ಮಾಡಿ ಹಂಚುತ್ತಾರೆ. ಊರೇ ಎದ್ದು ಕರಡಿಯ ಬಂಡೆಗಳವರೆಗೆ ಹೋದದ್ದು ಯಾವ ವಿಡಿಯೋದಲ್ಲೂ ಇಲ್ಲ. ಸಂಡೂರಿನ ಗುಡ್ಡ ಕರಗಿ ಕೆಂಪು ಧೂಳಾಗಿ ನಮ್ಮ ಕಿಟಕಿಯ ಸರಳಿನ ಮೇಲೆ ಕೂತಿದೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಿಂಡಿ ಸುಮ್ಮನಿದ್ದೇವೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಬೆಕ್ಕು ನಾವು.

ಇಷ್ಟೆಲ್ಲ ಮಾತು ಅಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಇದು ನೀರಾಗಿನ ಆಮಿ ಅಲ್ಲಲೇ, ಇದಕ್ಕ ಈಜು ಬರಂಗಿಲ್ಲ. ಹಿಂಗ ಇಟ್ರ ಸಾಯ್ತೈತಿ" ಎಂದು ಶುರು ಮಾಡಿದ್ದೆ. ಬಸ್ಯಾ ನಾಲ್ಕು ಮಂದಿ ಬೀಗರ ಮುಂದೆ ನಕ್ಕು ಒಂದೇ ಮಾತು ಅಂದ.

"ನಿನಗ ಗೊತ್ತಿರದ ಇರ್ತೈತೇನಕ್ಕ? ಹಂಪ್ಯಾಗ ಒಂದು ಮುಳುಗಿಸಿ ಬಂದಾಕಿ ನೀನು. ನಾನರ ಸಾಕಾಕ ಹತ್ತೀನಿ."

ಬೀಗರೂ ನಕ್ಕರು. ನಾನು ಹಿತ್ತಾಳೆ ಆಮೆಯನ್ನು ಚೀಲಕ್ಕೆ ಹಾಕಿಕೊಂಡು ಯಾರಿಗೂ ಹೇಳದೆ ಹೊರಗೆ ಬಂದು ಆಟೋ ಹತ್ತಿದೆ. ಅವನು ಅಂದದ್ದು ನಿಜವಾಗಿತ್ತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಚಿತ್ತವಾಡ್ಗಿಯಿಂದ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ನನ್ನ ಎಂಟನೇ ತರಗತಿಯಲ್ಲಿದ್ದಳು. ಅವಳ ಅಜ್ಜ ಕುರಿ ಕಾಯುತ್ತಿದ್ದ. ಒಂದು ಶುಕ್ರವಾರ ಬೆಳಗ್ಗೆ ಆ ಹುಡುಗಿ ಪಾಟಿಚೀಲದಿಂದ ಪುಸ್ತಕದ ಬದಲು ಒಂದು ಹೊಲದಾಮೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಪಕ್ಕದ ಮನೆಯವರು ಅದರ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಪೋಣಿಸಿ ಕಂಬಕ್ಕೆ ಕಟ್ಟಿದ್ದರಂತೆ. ಇವಳು ದಾರ ಕತ್ತರಿಸಿ ಕದ್ದುಕೊಂಡು ಬಂದಿದ್ದಳು. ತೂತಿನಲ್ಲಿ ನೀಲಿ ದಾರದ ಗಂಟು ಹಾಗೆಯೇ ಇತ್ತು. "ಮನ್ಯಾಗ ಗೊತ್ತಾದ್ರ ಹೊಡಿತಾರ್ರಿ ಟೀಚರ್. ಇದನ್ನ ಬಿಟ್ಟು ಬರೂನ್ರಿ" ಎಂದಳು. ಅಷ್ಟು ಸಣ್ಣ ಹುಡುಗಿಗೆ ಅಷ್ಟು ಧೈರ್ಯ.

ನಾನು ಬಿಡುತ್ತೇನೆಯೇ? ಅದನ್ನೊಂದು ಕಾರ್ಯಕ್ರಮ ಮಾಡಿದೆ. ಮರುದಿನ ಶನಿವಾರ ಅರ್ಧ ದಿನದ ಶಾಲೆ. ಹೆಡ್ಮಾಸ್ಟರರನ್ನು ಒಪ್ಪಿಸಿ, ನಲವತ್ತು ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಹಂಪಿಯ ಹೊಳೆದಂಡೆಗೆ ಕರೆದೊಯ್ದೆ. ಒಬ್ಬ ಫೋಟೋದವನನ್ನೂ ಕರೆಸಿದ್ದೆ. ದಂಡೆಯ ಮೇಲೆ ನಿಂತು ಕೂರ್ಮಾವತಾರದಿಂದ ಹಿಡಿದು ಪರಿಸರ ಸಮತೋಲನದವರೆಗೆ ಭಾಷಣ ಬಿಗಿದೆ. ಆಮೆಯ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿದೆ. ವಿಜ್ಞಾನದ ಟೀಚರು ನೋಡಿ ನಾನು, ಅಜ್ಜಿಗೆ ಬುದ್ಧಿ ಹೇಳಿದವಳು.

ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದೆ. ರೇಣುಕಾ ಹಿಂದಿನಿಂದ ಬಂದು ಸೆರಗು ಜಗ್ಗಿದಳು. "ಟೀಚರ್, ಇದು..." ಎಂದಳು. "ಸುಮ್ಮನಿರು, ಫೋಟೋ ತೆಗೀತಾರೆ" ಎಂದೆ. ಫೋಟೋ ತೆಗೆದರು. ಆಮೆಯನ್ನು ಬಿಟ್ಟೆ. ಅದು ನಾಲ್ಕೈದು ಸಲ ಕಾಲು ಆಡಿಸಿ, ಕಲ್ಲು ಹಾಕಿದ ಹಾಗೆ ಕೆಳಗೆ ಹೋಯಿತು. ಮಕ್ಕಳು ಚಪ್ಪಾಳೆ ಹೊಡೆದರು. ರೇಣುಕಾ ನೀರನ್ನೇ ನೋಡುತ್ತ ನಿಂತಿದ್ದಳು.

"ಟೀಚರ್, ಅದು ಮ್ಯಾಲೆ ಯಾವಾಗ ಬರ್ತೈತ್ರಿ?"

"ಬರ್ತೈತಿ. ಅದರ ಮನೆ ಅದು" ಎಂದೆ.

ಮಕ್ಕಳೆಲ್ಲ ಮಂಟಪದ ನೆರಳಿಗೆ ಚಿತ್ರಾನ್ನ ತಿನ್ನಲು ಹೋದ ಮೇಲೆ, ಅಲ್ಲೇ ತೆಪ್ಪದ ತಳಕ್ಕೆ ಡಾಂಬರು ಬಳಿಯುತ್ತಿದ್ದ ಮುದುಕನೊಬ್ಬ ನನ್ನನ್ನು ಕರೆದ. "ಬಾಯಾರ, ಅದೇನ್ ಬಿಟ್ರಿ ನೀರಿಗೆ?" ಎಂದ.

"ಆಮೆ."

"ಬೆನ್ನಮ್ಯಾಲೆ ಹಳದಿ ಗೆರಿ ಇರೋದೇನ್ರಿ?"

"ಹೌದು."

ಅವನು ಬ್ರಷ್ಷು ಕೆಳಗಿಟ್ಟ. "ಅದು ಹೊಲದಾಮಿರಿ. ಅದರ ಕಾಲು ನೋಡಿಲ್ಲೇನ್ರಿ, ಆನಿ ಕಾಲಿದ್ದಂಗ ಇರ್ತಾವು. ನೀರಾಗಿನ ಆಮಿ ಕಾಲಿಗೆ ಬೆರಳ ಸಂದ್ಯಾಗ ತೊಗಲಿರ್ತೈತಿ. ಪುಣ್ಯ ಮಾಡಾಕ ಬಂದು ಮುಳುಗಿಸಿ ಕೊಂದ್ರೆಲ್ರಿ."

ಬೈಯುವ ದನಿಯಲ್ಲೂ ಅನ್ನಲಿಲ್ಲ ಅವನು. ಕೋಲು ಹಾಕಿ ಸ್ವಲ್ಪ ಹೊತ್ತು ತಳ ತಡಕಿದ. ಸೆಳವಿತ್ತು, ಏನೂ ಸಿಗಲಿಲ್ಲ. ನಾನು ಒದ್ದೆ ಸೀರೆಯಲ್ಲಿ ನಿಂತುಕೊಂಡಿದ್ದೆ. ಎಂ.ಎಸ್ಸಿ. ಪದವಿ ಪಡೆದವಳಿಗೆ ಒಂದು ಪ್ರಾಣಿಯ ಕಾಲು ನೋಡಬೇಕೆಂದು ಹೊಳೆದಿರಲಿಲ್ಲ. ಪಠ್ಯದಲ್ಲಿ ಆಮೆ ಎಂದರೆ ಸರೀಸೃಪ ಎಂದು ಒಂದೇ ಸಾಲು. ಅದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೆ, ಆಮೆಯನ್ನೊಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಕಳ್ಳಿಬೇಲಿಯ ಬುಡದಲ್ಲಿ ನಾನೇ ಕಂಡ ಆಮೆಗಳು, ಒಂದಾದರೂ ಬಾವಿಗಿಳಿದದ್ದನ್ನು ನೋಡಿದ್ದೆನೇ? ಇಲ್ಲ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಕೂರ್ಮಾವತಾರವನ್ನು ನಂಬಿದೆ.

ಸೋಮವಾರ ರೇಣುಕಾ ಮೇಜಿನ ಹತ್ತಿರ ಬಂದು ಮತ್ತೆ ಕೇಳಿದಳು. "ಟೀಚರ್, ಆಮಿ ಏನಾತ್ರಿ?" ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಈಜಿ ಆಚೆ ದಂಡೆಗೆ ಹೋಯಿತಂತೆ, ತೆಪ್ಪದವರು ನೋಡಿದರಂತೆ" ಎಂದೆ. ಹುಡುಗಿ ಹೂಂ ಎಂದು ಹೋದಳು. ಫೋಟೋ ಎರಡು ವರ್ಷ ಶಾಲೆಯ ನೋಟೀಸ್ ಬೋರ್ಡಿನಲ್ಲಿತ್ತು. ನಿಜ ಹೇಳಿದ್ದು ಒಬ್ಬಳ ಮುಂದೆ ಮಾತ್ರ, ನನ್ನ ಚಿಗವ್ವನ ಮುಂದೆ, ಅಂದರೆ ಬಸ್ಯಾನ ತಾಯಿಯ ಮುಂದೆ. ಅಡುಗೆಮನೆಯಲ್ಲಿ ಕೂತು ಅತ್ತುಕೊಂಡು ಹೇಳುವಾಗ ಬಸ್ಯಾ ನಡುಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅವನಿಗೆ ಕೇಳಿಸಿತ್ತೆಂದು ನನಗೆ ಗೊತ್ತಾದದ್ದು ಮೊನ್ನೆಯ ಗೃಹಪ್ರವೇಶದಲ್ಲಿ.

ಗೃಹಪ್ರವೇಶವಾಗಿ ಒಂಬತ್ತನೆಯ ದಿನ ಬೆಳಗ್ಗೆ ಚಿಗವ್ವನ ಫೋನು ಬಂತು. "ಅವ ಯಶವಂತನಗರಕ್ಕ ಹೋಗ್ಯಾನ. ಆಮಿ ಕಣ್ಣ ತೆರಿವಲ್ದು. ಜಲ್ದಿ ಬಾ" ಎಂದಳು. ಒಂಬತ್ತು ದಿನ ನಾನೇನು ಮಾಡುತ್ತಿದ್ದೆ ಎಂದು ಕೇಳಬೇಡಿ. ಬೀಗರ ಮುಂದೆ ಆದ ಅವಮಾನವನ್ನು ಮೆಲುಕು ಹಾಕುತ್ತಿದ್ದೆ. ಆ ನೀರಿನಲ್ಲಿ ಅದು ಮೂಗು ಎತ್ತಿಕೊಂಡು ನಿಂತಿದೆ ಎನ್ನುವುದು ಗೊತ್ತಿದ್ದೂ ನನ್ನ ಮಾನದ ಲೆಕ್ಕವೇ ನನಗೆ ದೊಡ್ಡದಾಗಿತ್ತು. ಶಾಲೆಗೆ ರಜೆ ಹೇಳಿ ಓಡಿದೆ.

ಚಿಗವ್ವ ಆಮೆಯನ್ನು ಮೊರದಲ್ಲಿಟ್ಟುಕೊಂಡು ಮಹಡಿಯ ಬಿಸಿಲಲ್ಲಿ ಕೂತಿದ್ದಳು. ಮಗ ಕೆಲಸಕ್ಕೆ ಹೋದಮೇಲೆ ದಿನವೂ ಹೀಗೆ ಕದ್ದು ತೆಗೆದು, ಹಳೆ ಸೀರೆಯಲ್ಲಿ ಒರೆಸಿ, ಗೋಣಿಸೊಪ್ಪು ಹಾಕಿ, ಅವನು ಬರುವ ಹೊತ್ತಿಗೆ ಮತ್ತೆ ಬೋಗುಣಿಗೆ ಇಡುತ್ತಿದ್ದಳಂತೆ. "ನೀರು ಅರ್ಧ ತೆಗೆದ್ರ ಅವ ಮತ್ತ ತುಂಬಸ್ತಾನ. ನಿನ್ನಿಯಿಂದ ಸೊಪ್ಪು ಮುಟ್ಟವಲ್ದು" ಎಂದಳು. ಆಮೆಯ ಕಣ್ಣುಗಳು ಬಾತು ಅಂಟಿಕೊಂಡಿದ್ದವು. ಹೊಟ್ಟೆಯ ಕಡೆಯ ಚಿಪ್ಪು ಅಲ್ಲಲ್ಲಿ ಮೆತ್ತಗಾಗಿತ್ತು. ಮುಟ್ಟಿದರೆ ಕಾಲು ಒಳಗೆಳೆದುಕೊಳ್ಳುವ ಶಕ್ತಿಯೂ ಅದಕ್ಕಿರಲಿಲ್ಲ.

ನನಗೆ ಹೊಳೆದ ಮೊದಲ ಉಪಾಯ ಏನು ಗೊತ್ತೇ? ಒಂದು ಕಾರು ಮಾಡಿಕೊಂಡು ಚೋರನೂರಿಗೆ ಹೋಗಿ ನಮ್ಮ ಹೊಲದ ಬೇಲಿಗೆ ಬಿಟ್ಟುಬಿಡುವುದು. ಅಜ್ಜಿ ಮಾಡಿದ ಹಾಗೆ. ಚಪ್ಪಲಿ ಕೂಡ ಮೆಟ್ಟಿದ್ದೆ. ಆಮೇಲೆ ಹಂಪಿಯ ನೀರು ನೆನಪಾಯಿತು. ಈ ಸಲವಾದರೂ ಗೊತ್ತಿದ್ದವರನ್ನು ಕೇಳೋಣ ಎಂದು ಅರಣ್ಯ ಇಲಾಖೆಯ ಕಚೇರಿಗೆ ಫೋನು ಹಚ್ಚಿದೆ.

ಫೋನು ಎತ್ತಿದವರು ಪೂರ್ತಿ ಕೇಳಿಸಿಕೊಂಡು, "ಮೇಡಂ, ನೀವಾಗೇ ಎಲ್ಲೂ ಬಿಡಾಕ ಹೋಗಬ್ಯಾಡ್ರಿ" ಎಂದರು. "ಅದಕ್ಕ ಜಡ್ಡು ಐತಿ. ಹಂಗ ಬಿಟ್ರ ಅದೂ ಸಾಯ್ತೈತಿ, ಅಲ್ಲಿರೋ ಆಮಿಗೂ ಜಡ್ಡು ಹತ್ತತೈತಿ. ಒಣ ರಟ್ಟಿನ ಡಬ್ಬಿಗೆ ತೂತು ಮಾಡಿ, ಒಳಗ ಬಟ್ಟಿ ಹಾಸಿ ತರ್ರಿ. ನೀರು ಹಾಕಬ್ಯಾಡ್ರಿ, ಬಾಯಾಗ ಏನೂ ತುರುಕಬ್ಯಾಡ್ರಿ. ಡಾಕ್ಟರ್ ನೋಡ್ತಾರ."

ಎರಡನೆಯ ಸಲ ಕೊಲ್ಲುವುದರಿಂದ ನಾನು ಒಂದು ಫೋನಿನಷ್ಟು ದೂರದಲ್ಲಿದ್ದೆ. ಒಳ್ಳೆಯದು ಮಾಡುತ್ತೇವೆ ಎಂದು ಹೊರಟವರ ಕೈ ಕಟ್ಟಿಹಾಕಲು ಒಬ್ಬ ಮನುಷ್ಯ ಬೇಕು, ನಿಜವಾಗಿ ಹೇಳುತ್ತೇನೆ.

ಚಿಗವ್ವ ಚಪ್ಪಲಿಯ ರಟ್ಟಿನ ಡಬ್ಬಿಗೆ ತೂತು ಕೊರೆಯುತ್ತಿರುವಾಗ ಬಸ್ಯಾನ ಕಾರು ಬಂದು ನಿಂತಿತು. ಯಾವುದೋ ಕಾಗದ ಮರೆತು ಬಂದಿದ್ದ. ಖಾಲಿ ಬೋಗುಣಿ ನೋಡಿ, ನಮ್ಮನ್ನು ನೋಡಿ, ವಿಷಯ ತಿಳಿದು ಅವನ ಮುಖ ಬಿಳಿಚಿಕೊಂಡಿತು.

"ಫಾರೆಸ್ಟ್‌ನವರಿಗೆ ಫೋನ್ ಮಾಡಿದ್ಯೇನಕ್ಕ? ಅದನ್ನ ಇಟ್ಟುಕೊಂಡ್ರ ಕೇಸ್ ಆಗ್ತೈತಿ. ಹೊಸ ಮನಿ. ಮಂದಿ ಏನಂದಾರು?"

"ಕೇಸ್ ಆಗ್ತೈತಿ ಅಂತ ಗೊತ್ತಿತ್ತೇನಲೇ ನಿನಗ?"

ಅವನು ಬೋಗುಣಿಯ ಕಡೆ ಮುಖ ತಿರುಗಿಸಿದ. ಗೊತ್ತಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ಗೊತ್ತಿಲ್ಲದೆ ಮಾಡುವ ನನ್ನಂಥ ದಡ್ಡರು ಒಂದು ಕಡೆ, ಗೊತ್ತಿದ್ದೂ ಯಾರು ನೋಡುತ್ತಾರೆ ಎನ್ನುವ ಇವರು ಇನ್ನೊಂದು ಕಡೆ. ನಡುವೆ ಆ ಮೂಕ ಜೀವ ಒಂಬತ್ತು ದಿನ ಗೋಲಿಗಳ ಮೇಲೆ ತುದಿಗಾಲಲ್ಲಿ ನಿಂತಿತ್ತು. ಬಾಯಿಗೆ ಬಂದಂತೆ ಬೈದೆ. ಅದನ್ನೆಲ್ಲ ಬರೆಯಲು ಬರುವುದಿಲ್ಲ, ನನ್ನ ವಿದ್ಯಾರ್ಥಿಗಳೂ ಓದುತ್ತಾರೆ.

ಚಿಗವ್ವ ಮಾತ್ರ ದನಿ ಏರಿಸಲಿಲ್ಲ. ಡಬ್ಬಿಯಲ್ಲಿ ಬಟ್ಟೆ ಹಾಸುತ್ತ, "ನಮ್ಮತ್ತಿ ಸುಳ್ಳ ಹೇಳಿರ್ಲಿಲ್ಲ ನೋಡು ಬಸವಾ" ಎಂದಳು. "ಆಮಿ ಆಗಲೇ ಒಳಗ ಬಂದೈತಿ. ಇನ್ನು ಅಮೀನ ಬರಾದಷ್ಟ ಬಾಕಿ. ಅವ ಬರಾಕಿಂತ ಮೊದಲ ನೀನಾಗೇ ಹೋಗಿ ಕೊಟ್ಟು ಬಾ."

ನನ್ನ ಇಡೀ ಬೈಗುಳ ಮಾಡಲಾಗದ್ದನ್ನು ಅಜ್ಜಿಯ ಹಳೆಯ ಹೆದರಿಕೆ ಮಾಡಿತು. ಬಸ್ಯಾ ಕಾರಿನ ಕೀಲಿ ತೆಗೆದುಕೊಂಡ. ಚಿಗವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು, ನಾನು ಹಿಂದೆ. ಸ್ಪೀಡ್ ಬ್ರೇಕರ್ ಬಂದಾಗ, ಎಂದೂ ನಿಧಾನಿಸದವನು, ಗಾಡಿಯನ್ನು ನಿಧಾನವಾಗಿ ಹತ್ತಿಸಿ ಇಳಿಸಿದ.

ಕಚೇರಿಯಲ್ಲಿ ಡಬ್ಬಿ ತೆರೆದು ನೋಡಿದ ಅಧಿಕಾರಿ, "ಎಷ್ಟು ದಿನ ನೀರಾಗ ಇಟ್ಟಿದ್ರಿ?" ಎಂದು ಕೇಳಿದರು. ಬಸ್ಯಾ, "ನಮ್ಮ ಡ್ರೈವರ್‌ಗೆ ಸಿಕ್ಕಿತ್ರಿ" ಎಂದ. "ಅದನ್ನಲ್ರಿ ಕೇಳಿದ್ದು" ಎಂದರು ಅವರು. "ಒಂಬತ್ತು ದಿನ" ಎಂದು ಚಿಗವ್ವ ಹೇಳಿದಳು. ಹೇಳಿಕೆ ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು. ಬದುಕುತ್ತದೆಯೇ ಎಂದೆ. ಹೇಳಲು ಬರುವುದಿಲ್ಲ, ಬದುಕಿದರೆ ತಕ್ಕ ಜಾಗ ನೋಡಿ ಬಿಡುತ್ತೇವೆ ಎಂದರು. ಬಸ್ಯಾನಿಗೆ ನೋಟೀಸು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಬರಲಿ.

ಮನೆಗೆ ಬಂದು ಕೂತರೆ ಸಿಟ್ಟು ಇಳಿಯಲಿಲ್ಲ. ಸಿಟ್ಟಿಗೆ ಏನಾದರೂ ಕೆಲಸ ಕೊಡಬೇಕು, ಇಲ್ಲವಾದರೆ ಅದು ಪಾತ್ರೆಗಳ ಮೇಲೆ ಹೋಗುತ್ತದೆ. ಒಂದು ಪುಟದ ಹಾಳೆ ಅಚ್ಚು ಹಾಕಿಸಿ ಗಾಜಿನ ಬೋಗುಣಿ ಮಾರುವ ಅಂಗಡಿಗಳಿಗೆ, ಶಾಲೆಗಳಿಗೆ, ಹಂಪಿಯ ತೆಪ್ಪದವರಿಗೆ ಹಂಚಬೇಕೆಂದುಕೊಂಡೆ. ಅಚ್ಚಿಗೆ ಎಂದರೆ ಚಿತ್ತವಾಡ್ಗಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ, ನಾಲ್ಕು ವರ್ಷದಿಂದ ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡಿಸುವುದು ಅಲ್ಲೇ. ನಡೆಸುವವಳು ರೇಣುಕಾ. ಹೌದು, ಅದೇ ರೇಣುಕಾ. ಈ ನಾಲ್ಕು ವರ್ಷದಲ್ಲಿ ನಾವು ಮಳೆ, ಕರೆಂಟು, ಅವಳ ಮದುವೆ, ನನ್ನ ಮಂಡಿನೋವು ಎಲ್ಲವನ್ನೂ ಮಾತಾಡಿದ್ದೇವೆ. ಆಮೆಯ ಮಾತು ಒಂದು ದಿನವೂ ಬಂದಿರಲಿಲ್ಲ.

ನಾನು ಹೇಳುತ್ತ ಹೋದೆ, ಅವಳು ಟೈಪ್ ಮಾಡುತ್ತ ಹೋದಳು. "ಆಮೆ ಕಂಡರೆ ಮೊದಲು ಅದರ ಕಾಲು ನೋಡಿ" ಎನ್ನುವುದು ಮೊದಲ ಸಾಲು. "ಕಾಲು ಕಂಬದಂತೆ ಇದ್ದರೆ ಅದು ಹೊಲದ ಆಮೆ. ಅದಕ್ಕೆ ಈಜು ಬರುವುದಿಲ್ಲ. ನೀರಿಗೆ ಬಿಡಬೇಡಿ" ಎಂದು ಎರಡನೆಯದು. ಅಲ್ಲಿ ಅವಳ ಕೈ ನಿಂತಿತು.

ಜೆರಾಕ್ಸ್ ಮೆಷಿನ್ನು ಯಾರದೋ ಆಧಾರ್ ಕಾರ್ಡು ತೆಗೆಯುತ್ತಿತ್ತು. ಅದು ಮುಗಿಯುವವರೆಗೆ ಕಾದು ನಾನು ಹೇಳಿದೆ. "ರೇಣುಕಾ, ಅವತ್ತು ಅದು ಆಚೆ ದಂಡೆಗೆ ಹೋಗಲಿಲ್ಲವ್ವ. ನಾನು ಸುಳ್ಳು ಹೇಳಿದೆ."

"ಗೊತ್ರಿ ಟೀಚರ್."

"ಯಾವಾಗಿಂದ?"

"ಮರುದಿನ ಐತಾರ ಇತ್ತಲ್ರಿ. ಅಜ್ಜನ್ನ ಕರಕೊಂಡು ಹೋಗಿ ನೋಡಿದ್ನಿ. ಕೆಳಗ ದಂಡಿಗೆ ಬಂದು ಬಿದ್ದಿತ್ರಿ. ತೂತಿನ್ಯಾಗ ದಾರ ಹಂಗ ಇತ್ತು. ಅಜ್ಜ ಬಂಡೆಗಲ್ಲಿನ ಸಂದ್ಯಾಗ ಮಣ್ಣು ಮಾಡಿದ."

ಲೆಕ್ಕ ಹಾಕಿದೆ. ಭಾನುವಾರ ಮಣ್ಣು ಮಾಡಿ ಬಂದವಳು ಸೋಮವಾರ ನನ್ನ ಮೇಜಿನ ಹತ್ತಿರ ಬಂದಿದ್ದಳು.

"ಮತ್ತೆ ಸೋಮವಾರ ನನ್ನನ್ನು ಯಾಕೆ ಕೇಳಿದೆ?"

"ನೀವು ಏನಂತೀರಿ ನೋಡೂನು ಅಂತ ಕೇಳಿದ್ನಿರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಅದಕ್ಕೆ ನೀರು ಆಗುವುದಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತೇನು?"

"ಹಿಂದಿನ ರಾತ್ರಿ ಅಜ್ಜನ ಮುಂದ ಅಷ್ಟ ಹೇಳಿದ್ನಿ, ನೀರಿಗೆ ಬ್ಯಾಡ ಅಂದ. ಗುಡ್ಡದಾಗ ಬಿಡಬೇಕು ಅಂದಿದ್ದ. ಅದನ್ನ ಹೇಳಾಕಂತಲೇ ನಿಮ್ಮ ಸೆರಗು ಜಗ್ಗಿದ್ನಿ. ಸುಮ್ಮನಿರು, ಫೋಟೋ ತೆಗೀತಾರೆ ಅಂದ್ರಿ."

ನಾನು ಸ್ಟೂಲಿನ ಮೇಲೆ ಕೂತುಕೊಂಡೆ. ಅವಳು ಕುಡಿಯಲು ನೀರು ಕೊಟ್ಟಳು, ಮತ್ತೆ ಕೀಲಿಮಣೆಯ ಕಡೆ ತಿರುಗಿ, "ಮೂರನೇ ಸಾಲು ಹೇಳ್ರಿ ಟೀಚರ್" ಎಂದಳು.

ಚೀಲದಲ್ಲಿ ಬರೆದುಕೊಂಡು ಹೋದ ಚೀಟಿ ಇತ್ತು. ಅದರಲ್ಲಿ ಕಾಯ್ದೆ, ಶಿಕ್ಷೆ, ಪರಿಸರ ಸಮತೋಲನ ಎಲ್ಲ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. "ನೀನೇ ಹೇಳವ್ವ" ಎಂದೆ.

ಅವಳು ಬಾಯಲ್ಲಿ ಹೇಳದೆ ಟೈಪ್ ಮಾಡಿದಳು: 'ಎಲ್ಲಿ ಬಿಡಬೇಕು ಅಂತ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನ ಕೇಳಿ. ಅವರು ಸಣ್ಣವರಾದರೂ ಸರಿ.'

ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ನೂರು ಪ್ರತಿ ತೆಗೆಯಲು ಹೇಳಿದೆ.